ಒಳಗೆ ಯಾರು ನೋಡ್ತಾರೆ?

ಎಫ್ ಆಕಾರದ ತೂತಿರುವ ಗಿಟಾರ್ ಕೈಗೆ ಸಿಕ್ಕರೆ ಜನ ಮೊದಲು ಅದನ್ನು ನುಡಿಸುವುದಿಲ್ಲ. ಮೊಬೈಲ್ ಟಾರ್ಚ್ ಹಾಕಿ ಒಳಗೆ ಇಣುಕುತ್ತಾರೆ. ಮೊನ್ನೆ ಅಕ್ಕನ ಮಗನೂ ಅದನ್ನೇ ಮಾಡಿದ. ಉಜ್ಜಿ ಉಜ್ಜಿ ಮುಖ ಕಾಣುವ ಹಾಗೆ ಹೊಳೆಸಿದ ಹೊರಮೈಯನ್ನು ಒಂದು ಸಲ ಸವರಲೂ ಇಲ್ಲ. "ಮಾಮ, ಒಳಗೆ ಪೆನ್ಸಿಲ್ ಗೀಟು ಹಾಗೇ ಇದೆಯಲ್ಲ!" ಅಂದ. ಇರಲೇಬೇಕಲ್ಲಪ್ಪಾ, ಗೀಟು ಹಾಕದೆ ಮರ ಕೊಯ್ಯುವುದು ಹೇಗೆ? ಬಾಯಿಬಿಟ್ಟು ಹಾಗೆ ಹೇಳಲಿಲ್ಲ. ನಗುತ್ತಾ ಗಿಟಾರ್ ವಾಪಸ್ ಇಸಿದುಕೊಂಡೆ.

ಈಗ ಇನ್ನೊಂದು ಎಲೆಕ್ಟ್ರಿಕ್ ಗಿಟಾರ್ ಮಾಡುತ್ತಿದ್ದೇನೆ. ನಡುವೆ ಗಟ್ಟಿ ದಿಮ್ಮಿ, ಅಕ್ಕಪಕ್ಕ ಟೊಳ್ಳು. ಮೇಲಿನ ಹಲಗೆ ಇನ್ನೂ ಅಂಟಿಸಿಲ್ಲ. ಒಳಗೆ ಏನಾದರೂ ಬಳಿಯುವುದಿದ್ದರೆ ಈಗಲೇ ಬಳಿಯಬೇಕು. ಅಂಟು ಹಾಕಿ ಕ್ಲ್ಯಾಂಪ್ ಬಿಗಿದ ಮೇಲೆ ಎಫ್ ತೂತಿನಲ್ಲಿ ಬ್ರಷ್ ತೂರಿಸುವುದು ಬೀಗದ ಕಿಂಡಿಯಿಂದ ಮನೆಗೆ ಸುಣ್ಣ ಹೊಡೆದ ಹಾಗೆ. ಬಳಿಯಬೇಕೋ, ಹಾಗೇ ಬಿಡಬೇಕೋ? ಇದಕ್ಕೊಂದು ಖಚಿತ ಉತ್ತರ ಕೊಡೋಣ ಅಂತಲೇ ಬರೆಯಲು ಕೂತಿದ್ದೇನೆ.

ಬಿಡುವ ಪಕ್ಷದವರು ದೊಡ್ಡ ದೊಡ್ಡ ಹೆಸರು ತರುತ್ತಾರೆ. ವಯಲಿನ್ ಮಾಡುವವರು ಸಾಮಾನ್ಯವಾಗಿ ಒಳಗೆ ವಾರ್ನಿಶ್ ಹಚ್ಚುವುದಿಲ್ಲ. 1958ರಲ್ಲಿ ಬಂದ ಗಿಬ್ಸನ್ ಕಂಪನಿಯ ಇಎಸ್-335, ಅಂದರೆ ಈ ಜಾತಿಯ ಗಿಟಾರ್‌ಗಳಿಗೆಲ್ಲ ಹಿರಿಯಣ್ಣ, ಅದರ ಒಳಗೂ ಬರೀ ಮರ. ಸರಿ, ಆದರೆ ಅದು ತೆಳು ಪದರಗಳನ್ನು ಅಡ್ಡ-ಉದ್ದ ಅಂಟಿಸಿ ಮಾಡಿದ ಹಲಗೆ. ಅದು ಅಷ್ಟು ಸುಲಭಕ್ಕೆ ಬಾಗುವುದಿಲ್ಲ. ನನ್ನದು ಅಖಂಡ ಮರ. ತೇವ ಕುಡಿದರೆ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಹೊರಗೆ ಲ್ಯಾಕರ್ ಹೊದಿಸಿ ಒಳಗೆ ಬರಿಮೈ ಬಿಟ್ಟರೆ ಎರಡು ಕಡೆ ಎರಡು ವೇಗದಲ್ಲಿ ತೇವ ಓಡಾಡುತ್ತದೆ, ಹಲಗೆ ಡೊಂಕಾಗುತ್ತದೆ ಅಂತ ಬಳಿಯುವ ಪಕ್ಷದವರು ಹೇಳುತ್ತಾರೆ. ಯಾವ ಪಾಲಿಶ್ ಆದರೂ ತೇವವನ್ನು ನಿಧಾನ ಮಾಡುತ್ತದೆಯೇ ಹೊರತು ತಡೆಯುವುದಿಲ್ಲ. ಆ ಮಾತನ್ನು ಮಾತ್ರ ಅವರು ಮೆಲ್ಲಗೆ ಹೇಳುತ್ತಾರೆ.

ಏನು ಬಳಿಯುವುದು ಅನ್ನುವುದು ಬೇರೆ ತಲೆನೋವು. ಎಣ್ಣೆ ಬೇಡವೇ ಬೇಡ. ಅಗಸೆ ಎಣ್ಣೆ ಗಟ್ಟಿಯಾಗುವುದು ಗಾಳಿಯ ಆಮ್ಲಜನಕ ಹೀರಿಕೊಂಡು. ಗಾಳಿಯಾಡದ ಟೊಳ್ಳಿನಲ್ಲಿ ಅದರ ವಾಸನೆ ತಿಂಗಳುಗಟ್ಟಲೆ ಕೂತಿರುತ್ತದೆ, ನುಡಿಸುವಾಗಲೆಲ್ಲ ನೇರ ಮೂಗಿಗೆ. ನೀರಿನ ಪೇಂಟ್ ಹಚ್ಚಿದರೆ ಮರದ ನಾರು ನಿಗುರಿ ನಿಲ್ಲುತ್ತದೆ, ತೆಳು ಹಲಗೆ ಒಂದು ಕಡೆ ಮಾತ್ರ ಒದ್ದೆಯಾಗಿ ಬಟ್ಟಲಾಗುತ್ತದೆ. ಅರಗಿನಿಂದ ಮಾಡುವ ಶೆಲಾಕ್ ಬೇಗ ಒಣಗುತ್ತದೆ, ಸ್ಪಿರಿಟ್ ಆರಿದ ಮೇಲೆ ವಾಸನೆಯೂ ಇಲ್ಲ. ಆದರೆ ಅದು ಪಾರದರ್ಶಕ. ಪೆನ್ಸಿಲ್ ಗೀಟನ್ನು ಮುಚ್ಚುವುದು ಹೋಗಲಿ, ಫ್ರೇಮ್ ಹಾಕಿದ ಹಾಗೆ ಶಾಶ್ವತ ಮಾಡುತ್ತದೆ.

ಹಾಗಾದರೆ ಕಪ್ಪು ಬಣ್ಣ? ನೋಡಲು ಕಪ್ಪೇ ಚೆನ್ನ. ತೂತು ಆಳವಾಗಿ, ಗಂಭೀರವಾಗಿ ಕಾಣುತ್ತದೆ. ಗೀಟು, ಗರಗಸದ ಗುರುತು, ಜಿನುಗಿದ ಅಂಟು, ಎಲ್ಲ ಮಾಯ. ಆದರೆ ಕಪ್ಪು ಬಳಿಯುವ ಮುಂಚೆ ಒಳಗಿನ ವೈರಿಂಗ್ ನೆನಪಾಗಬೇಕು, ನೆನಪಾದರೆ ಕೈ ನಿಲ್ಲುತ್ತದೆ.

ಬೆನ್ನಿಗೆ ಮುಚ್ಚಳವಿಲ್ಲದ ಬಾಡಿಯಲ್ಲಿ ವಾಲ್ಯೂಮ್, ಟೋನ್ ಪಾಟುಗಳು (ಅಂದರೆ ತಿರುಗಿಸಿ ಸದ್ದು ಹೊಂದಿಸುವ ಬಿಡಿಭಾಗಗಳು), ಸ್ವಿಚ್, ಕೇಬಲ್ ಚುಚ್ಚುವ ಜ್ಯಾಕ್ ಎಲ್ಲವೂ ಎಫ್ ತೂತಿನಿಂದಲೇ ಒಳಗೆ ಹೋಗಬೇಕು. ಮೊದಲು ರಟ್ಟಿನ ಮೇಲೆ ಅಳತೆಗೆ ಸರಿಯಾಗಿ ತೂತು ಮಾಡಿ, ಪಾಟುಗಳನ್ನು ಅಲ್ಲಿ ಕೂರಿಸಿ ಬೆಸುಗೆ ಹಾಕಿಕೊಳ್ಳುವುದು. ಆಮೇಲೆ ಬಾಡಿಯ ಒಂದೊಂದು ತೂತಿನಿಂದಲೂ ಒಂದೊಂದು ದಾರ ಇಳಿಬಿಟ್ಟು, ಅದನ್ನು ಕೊಕ್ಕೆಯಿಂದ ಎಫ್ ತೂತಿನ ಹೊರಕ್ಕೆ ಎಳೆದು, ಆಯಾ ಪಾಟಿನ ಕಡ್ಡಿಗೆ ಕಟ್ಟುವುದು. ಇಡೀ ವೈರಿನ ಗೊಂಚಲನ್ನು ಒಳಗೆ ತುರುಕಿ ದಾರ ಎಳೆದರೆ ಪಾಟುಗಳು ಒಂದೊಂದಾಗಿ ತಮ್ಮ ತೂತಿನಲ್ಲಿ ತಲೆ ಎತ್ತಬೇಕು. ಎತ್ತುತ್ತವೆ, ಆದರೆ ಬೇರೆಯವರ ತೂತಿನಲ್ಲಿ. ಟೋನ್ ಇರಬೇಕಾದಲ್ಲಿ ವಾಲ್ಯೂಮ್ ಬರುತ್ತದೆ. ದಾರಕ್ಕೆ ದಾರ ಸುತ್ತಿಕೊಳ್ಳುತ್ತದೆ. ಹೇಗೋ ಒಂದು ಕಡ್ಡಿ ಸರಿಯಾದ ಕಡೆ ಮೇಲೆ ಬಂತು ಅನ್ನಿ, ಈಗ ದಾರ ಬಿಡುವ ಹಾಗಿಲ್ಲ, ಬಿಟ್ಟರೆ ಪಾಟು ಮತ್ತೆ ಪಾತಾಳಕ್ಕೆ. ಹಾಗಾಗಿ ವಾಷರ್ ಮತ್ತು ನಟ್ಟನ್ನು ದಾರದ ಮೇಲಿನ ತುದಿಗೆ ಪೋಣಿಸಿ ಕೆಳಗೆ ಜಾರಿಸಬೇಕು. ಗಂಟು ದಪ್ಪಗಿದ್ದರೆ ನಟ್ ಗಂಟಿನ ಮೇಲೆ ಕೂತು ಜಗ್ಗುವುದಿಲ್ಲ. ಸಣ್ಣಗಿದ್ದರೆ ಗಂಟೇ ಬಿಚ್ಚಿಕೊಳ್ಳುತ್ತದೆ. ಎಲ್ಲ ಮುಗಿಸಿ ಕೊನೆಗೆ ಜ್ಯಾಕ್ ಎಳೆಯುವಾಗ ಮೊದಲು ಕೂರಿಸಿದ ಪಾಟಿನ ಬೆಸುಗೆ ಪಟ್ ಅಂತ ಬಿಡುತ್ತದೆ. ಆಗ ಮನೆಯವರು ಬಂದು "ಇನ್ನೂ ಆಗ್ಲಿಲ್ವಾ?" ಅಂತ ಕೇಳುತ್ತಾರೆ. ಹೇಗೆ ಗೊತ್ತಾಗುತ್ತೋ, ಸರಿಯಾಗಿ ಆಗಲೇ ಬರುತ್ತಾರೆ.

ಈ ನಡುವೆ ಒಂದು ವಾಷರ್ ಜಾರಿ ಒಳಗೆ ಬೀಳದಿದ್ದರೆ ಅದು ವೈರಿಂಗೇ ಅಲ್ಲ. ಗಿಟಾರ್ ಬೋರಲು ಹಿಡಿದು ಅಲ್ಲಾಡಿಸಿದರೆ ಒಳಗೆಲ್ಲ ಸುತ್ತು ಹೊಡೆಯುವ ಸದ್ದು ಬರುತ್ತದೆ, ವಾಷರ್ ಮಾತ್ರ ಬರುವುದಿಲ್ಲ. ಹಾಳಾಗಿ ಹೋಗಲಿ ಅಂತ ಬಿಟ್ಟರೆ, ಯಾವುದೋ ಒಂದೇ ಒಂದು ಸ್ವರಕ್ಕೆ ಕಿಣಿಕಿಣಿ ಅನ್ನುತ್ತದೆ. ಒಳಗೆ ತಿಳಿ ಮರ ಇದ್ದರೆ ಟಾರ್ಚ್ ಬಿಟ್ಟು ಹುಡುಕಬಹುದು. ಕಪ್ಪು ಬಳಿದಿದ್ದರೆ ಬೆಳಕನ್ನೂ ನುಂಗಿಬಿಡುತ್ತದೆ. ಅಂದರೆ ಇಣುಕುವ ಅಳಿಯನಿಗೆ ಕಪ್ಪು ಒಳ್ಳೆಯದು, ಕೆಲಸ ಮಾಡುವ ಮಾಮನಿಗೆ ಶೆಲಾಕ್.

ತೂತೇ ಇಲ್ಲದಿದ್ದರೆ ಈ ಪಂಚಾಯ್ತಿ ಯಾಕೆ ಬೇಕಿತ್ತು? 1960ರ ದಶಕದ ಆರಂಭದಲ್ಲಿ ಗ್ರೆಚ್ ಕಂಪನಿ ಕೆಲವು ಗಿಟಾರ್‌ಗಳಿಗೆ ತೂತು ಕೊರೆಯದೆ ಎಫ್ ಆಕಾರವನ್ನು ಬಣ್ಣದಲ್ಲಿ ಬರೆದುಬಿಟ್ಟಿತು. ಮೈ ಮುಚ್ಚಿದ್ದರೆ ಆಂಪ್ಲಿಫೈಯರ್ ಮುಂದೆ ಕುಂಯ್ ಅನ್ನುವ ಫೀಡ್‌ಬ್ಯಾಕ್ ಕಡಿಮೆ. ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಹೆಸರಿನಲ್ಲಿ 1980ರಲ್ಲಿ ಗಿಬ್ಸನ್ ಮಾಡಿದ ಲೂಸಿಲ್ ಮಾಡೆಲ್‌ಗೂ ತೂತಿಲ್ಲ. ಬುದ್ಧಿವಂತರು. ನನಗೆ ಮಾತ್ರ ತೂತು ಬೇಕು. ಯಾಕೆ ಅಂತ ಕೇಳಬೇಡಿ, ಚೆನ್ನಾಗಿ ಕಾಣುತ್ತೆ, ಅಷ್ಟೇ.

ಒಳಗೆ ಬಳಿದರೆ ನಾದ ಸತ್ತುಹೋಗುತ್ತದೆ ಅನ್ನುವವರು ಇನ್ನೊಂದು ಗುಂಪು. ಇವರ ಹತ್ತಿರ ನನಗೆ ತಾಳ್ಮೆ ಇಲ್ಲ. ಉಕ್ಕಿನ ತಂತಿ, ಅದರ ಕೆಳಗೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಅಯಸ್ಕಾಂತದ ಪಿಕಪ್, ಅದರಾಚೆ ಹತ್ತಾರು ಅಡಿ ಕೇಬಲ್, ಕೊನೆಗೆ ಕಿವಿ ಕಿತ್ತುಹೋಗುವ ಸ್ಪೀಕರ್. ಇಷ್ಟೆಲ್ಲ ದಾಟಿ ಇವರಿಗೆ ಒಂದು ಕೋಟ್ ಶೆಲಾಕ್ ಕೇಳಿಸುತ್ತದಂತೆ! ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1940ರ ಸುಮಾರಿಗೆ ಪೈನ್ ಮರದ ಒಂದು ತೊಲೆಗೆ ತಂತಿ, ಪಿಕಪ್ ಹಾಕಿ ನುಡಿಸಿದರು. ಜನಕ್ಕೆ ಹಿಡಿಸಲಿಲ್ಲ. ಎಪಿಫೋನ್ ಕಂಪನಿಯ ಗಿಟಾರಿನ ಬಾಡಿಯನ್ನು ಎರಡು ಹೋಳು ಮಾಡಿ ತೊಲೆಯ ಅಕ್ಕಪಕ್ಕ ಜೋಡಿಸಿದ ಮೇಲೆ ಅದೇ ಜನ ಮೆಚ್ಚಿಕೊಂಡರು. ಅವರೇ ಹೇಳಿಕೊಂಡ ಕತೆ ಇದು. ಆ ಹೋಳುಗಳ ಒಳಗೆ ಏನು ಬಳಿದಿದೆ ಅಂತ ಆಗ ಯಾರೂ ಕೇಳಿದ ಹಾಗೆ ಕಾಣುವುದಿಲ್ಲ. ಆಗ ಮೊಬೈಲ್ ಟಾರ್ಚ್ ಇರಲಿಲ್ಲ, ಅದೃಷ್ಟವಂತರು.

ಸದ್ಯಕ್ಕೆ ಹಲಗೆ ಕೂರುವ ಅಂಚಿಗೂ ನಡುವಿನ ದಿಮ್ಮಿಯ ಮೇಲೂ ಮಾಸ್ಕಿಂಗ್ ಟೇಪ್ ಅಂಟಿಸಿದ್ದೇನೆ. ಪಾಲಿಶ್ ಮೇಲೆ ಮರದ ಅಂಟು ಹಿಡಿಯುವುದಿಲ್ಲ, ಹಾಗಾಗಿ ಕಪ್ಪಾದರೂ ಶೆಲಾಕ್ ಆದರೂ ಟೇಪ್ ಬೇಕೇ ಬೇಕು. ಅಷ್ಟರಮಟ್ಟಿಗೆ ಕೆಲಸ ಮುಂದೆ ಹೋಗಿದೆ ಅಲ್ವಾ? ಒಂದೇ ತೊಂದರೆ. ಟೇಪನ್ನು ಜಾಸ್ತಿ ದಿನ ಹಾಗೇ ಬಿಟ್ಟರೆ ಅದರ ಗೋಂದು ಮರದಲ್ಲೇ ಉಳಿದುಬಿಡುತ್ತದೆ.