ದೋಣಿ ಮೋಟಾರ್: ಎಚ್‌ಪಿ ಜಾಸ್ತಿ ಇದ್ದರೆ ಸೇಫ್ ಅನ್ನುವುದು ತಪ್ಪು

ಹಾರಂಗಿ ಹಿನ್ನೀರಿನಲ್ಲಿ ಮೀನು ಹಿಡಿಯುವವರ ನಡುವೆ ಒಂದು ಮೆಸೇಜ್ ಓಡಾಡುತ್ತಿದೆ: ‘ಎಚ್‌ಪಿ ಜಾಸ್ತಿ ಇದ್ದಷ್ಟೂ ಸೇಫ್, 12 ಅಡಿ ದೋಣಿಗೂ 15 ಎಚ್‌ಪಿ ಹಾಕಿಸಿ.’ ಇದು ಸರಿಯಲ್ಲ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

15 ಎಚ್‌ಪಿ ಫೋರ್ ಸ್ಟ್ರೋಕ್ ಮೋಟಾರ್ ಹೆಚ್ಚುಕಮ್ಮಿ 50 ಕೆಜಿ ತೂಗುತ್ತದೆ. 5 ಎಚ್‌ಪಿಯದು ಸುಮಾರು ಅದರ ಅರ್ಧ. ಮೋಟಾರ್ ಕೂರುವುದು ಹಿಂಬದಿ ಹಲಗೆಯ ಮೇಲೆ, ನಡೆಸುವವರು ಕೂರುವುದೂ ಅಲ್ಲೇ, ಅಲ್ವಾ? ಹಗುರ ದೋಣಿಯಾದರೆ ಹಿಂಭಾಗ ತಗ್ಗಿ ಮೂತಿ ಮೇಲೇಳುತ್ತದೆ. ಥಟ್ಟನೆ ವೇಗ ಇಳಿಸಿದರೆ ನಮ್ಮದೇ ಹಿಂದಿನ ಅಲೆ ಒಳಗೆ ನುಗ್ಗುತ್ತದೆ. ಜೋರಾಗಿ ತಿರುಗಿಸಿದರೆ ಮಗುಚಲೂಬಹುದು. ಹಲಗೆ ಬಿರುಕು ಬಿಡುವುದು ಇನ್ನೊಂದು ತೊಂದರೆ.

ಉದ್ದ ಒಂದನ್ನೇ ನೋಡಿ ಎಚ್‌ಪಿ ಹೇಳಲು ಆಗುವುದಿಲ್ಲ. ಹಿಂಬದಿಯ ಅಗಲ, ತಳ ಚಪ್ಪಟೆಯೋ ಅಲ್ಲವೋ, ಎಷ್ಟು ಜನ, ಎಷ್ಟು ಬಲೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ದೋಣಿಯಲ್ಲಿ ತಯಾರಕರ ಪ್ಲೇಟ್ ಇದ್ದರೆ ಅದರಲ್ಲಿರುವ ಗರಿಷ್ಠ ಎಚ್‌ಪಿ ದಾಟಬೇಡಿ. ಇಲ್ಲದಿದ್ದರೆ ಕಟ್ಟಿಕೊಟ್ಟವರನ್ನೇ ಕೇಳಿ.

ಹಿಂಬದಿ ಹಲಗೆಯ ಎತ್ತರವನ್ನೂ ಅಳೆಯಿರಿ. ಸುಮಾರು 15 ಇಂಚಿದ್ದರೆ ಶಾರ್ಟ್ ಶಾಫ್ಟ್ ಮೋಟಾರ್ (ನೀರಿಗಿಳಿಯುವ ಕಾಲು ಗಿಡ್ಡ), 20 ಇಂಚಿದ್ದರೆ ಲಾಂಗ್ ಶಾಫ್ಟ್ (ಕಾಲು ಉದ್ದ) ಬೇಕು. ಹಿನ್ನೀರಿನಲ್ಲಿ ನಿಧಾನವಾಗಿ ಬಲೆ ಬಿಡುವ ಸಣ್ಣ ದೋಣಿಗೆ ಸಾಮಾನ್ಯವಾಗಿ 5 ಎಚ್‌ಪಿ ಧಾರಾಳ ಸಾಕು.