ಸತ್ಯಾಂಶ: 1944ರಲ್ಲಿ ಬಾಂಬೆ ಬಂದರಿಗೆ ಜಪಾನ್ ಬಾಂಬ್ ಹಾಕಿರಲಿಲ್ಲ

ಏಪ್ರಿಲ್ 14ರ ಅಗ್ನಿಶಾಮಕ ಸೇವಾ ದಿನ ಬಂತೆಂದರೆ ಒಂದು ಫಾರ್ವರ್ಡ್ ಓಡಾಡುತ್ತದೆ: 'ಜಪಾನ್ ವಿಮಾನಗಳ ಬಾಂಬ್ ದಾಳಿಯಲ್ಲಿ ಸತ್ತ ಫೈರ್‌ಮನ್‌ಗಳಿಗೆ ನಮನ'. ನಮನ ಸರಿ, ಕಾರಣ ತಪ್ಪು.

1944ರ ಏಪ್ರಿಲ್ 14ರಂದು ಬಾಂಬೆ ಬಂದರಿಗೆ ಯಾವ ಶತ್ರು ವಿಮಾನವೂ ಬಂದಿರಲಿಲ್ಲ. ಯುದ್ಧದ ಕಾಲ, ಹಾಗಾಗಿ ಸ್ಫೋಟದ ಸದ್ದು ಕೇಳಿ ಊರಿನವರೇ ಶತ್ರುಗಳ ದಾಳಿ ಅಂದುಕೊಂಡಿದ್ದರು. ನಡೆದದ್ದು ಬೇರೆ. ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೈನ್ ಎಂಬ ಹಡಗಿನಲ್ಲಿ ಹತ್ತಿ ಬೇಲ್‌ಗಳ ಜೊತೆ ಸುಮಾರು 1,400 ಟನ್ ಸ್ಫೋಟಕ ಮದ್ದುಗುಂಡು ಇತ್ತು, ಜೊತೆಗೆ ಚಿನ್ನದ ಗಟ್ಟಿಗಳೂ ಇದ್ದವು. ಹತ್ತಿಯನ್ನೂ ಮದ್ದುಗುಂಡನ್ನೂ ಒಟ್ಟಿಗೆ ತುಂಬಿದ್ದೇ ದೊಡ್ಡ ತಪ್ಪು. ಮಧ್ಯಾಹ್ನ ಹತ್ತಿಗೆ ಬೆಂಕಿ ಹತ್ತಿತು. ಫೈರ್‌ಮನ್‌ಗಳು ಹೊಗೆಯಲ್ಲಿ ಬೆಂಕಿಯ ಮೂಲ ಕಾಣದೆ ಹಡಗಿನ ಹೊಟ್ಟೆಗೆ ನೀರು ಸುರಿಯುತ್ತಲೇ ಇದ್ದರು. ಸಂಜೆ 4 ಗಂಟೆ ದಾಟುತ್ತಿದ್ದಂತೆ ಮೊದಲ ಸ್ಫೋಟ, ಸುಮಾರು ಅರ್ಧ ಗಂಟೆ ಬಿಟ್ಟು ಇನ್ನೊಂದು. ಚಿನ್ನದ ಗಟ್ಟಿಗಳು ದೂರದ ಮನೆಗಳವರೆಗೂ ಹಾರಿಬಿದ್ದವು. ಆ ಸದ್ದಿನ ಕಂಪನ ಶಿಮ್ಲಾದ ಭೂಕಂಪ ಮಾಪಕದಲ್ಲೂ ದಾಖಲಾಯಿತು.

ಸತ್ತ ಫೈರ್‌ಮನ್‌ಗಳು 66. ಅವರ ನೆನಪಿಗೇ ಏಪ್ರಿಲ್ 14ರಿಂದ 20ರವರೆಗೆ ದೇಶಪೂರ್ತಿ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ, ನಮ್ಮ ಕರ್ನಾಟಕದಲ್ಲೂ. ಅವರು ಸತ್ತದ್ದು ಬೆಂಕಿ ಆರಿಸುತ್ತಾ. ಅದನ್ನೇ ಬರೆದು ಫಾರ್ವರ್ಡ್ ಮಾಡಿ, ಸುಮ್ನೆ ಬಾಂಬ್ ಕಥೆ ಯಾಕೆ?