ಸರಾಸರಿ ಏರು ಸೊನ್ನೆ

ಕಾಸರಗೋಡಿನ ಕುಂಬಳೆಯಿಂದ ಸೈಕಲ್ಲಿನಲ್ಲಿ ಹೊರಟು ಕುಂಬಳೆಗೇ ವಾಪಸು ಬಂದರೆ ಸರಾಸರಿ ಏರು ಸೊನ್ನೆ. ಇದು ನಮ್ಮ ಭಾವನ ಲೆಕ್ಕ. ತಪ್ಪು ಅನ್ನುವ ಹಾಗಿಲ್ಲ. ಹೊರಡುವುದು ಸಮುದ್ರದ ಬದಿಯಿಂದ, ಮುಟ್ಟುವುದೂ ಅಲ್ಲಿಗೇ. ಹತ್ತಿದ್ದಷ್ಟನ್ನೂ ಇಳಿಯಲೇಬೇಕಲ್ವಾ? ಭಾವ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಜಮೆ, ಖರ್ಚು ಸರಿಹೊಂದಿದರೆ ಅವರಿಗೆ ನೆಮ್ಮದಿ. ಆದರೆ ಹತ್ತುವಾಗ ಕಾಲಿನಿಂದ ಖರ್ಚಾದದ್ದನ್ನು ಇಳಿಯುವಾಗ ಯಾರೂ ಕಾಲಿಗೆ ಜಮೆ ಮಾಡುವುದಿಲ್ಲ.

ಅವರು ಹಾಕಿದ ದಾರಿ ಹೀಗಿತ್ತು: ಕುಂಬಳೆ, ಬದಿಯಡ್ಕ, ಪೆರ್ಲ, ವಿಟ್ಲ, ಪುತ್ತೂರು, ಜಾಲ್ಸೂರು, ಮುಳ್ಳೇರಿಯ, ಮತ್ತೆ ಬದಿಯಡ್ಕ, ಕುಂಬಳೆ. ನೂರು ಕಿಲೋಮೀಟರ್ ದಾಟುವ ಸುತ್ತು. "ಒಂದೇ ಒಂದು ಘಾಟಿ ಇಲ್ಲ, ನೋಡು" ಅಂದರು. ನಿಜ, ಇಲ್ಲ. ನಮ್ಮ ಕಡೆಯ ದಾರಿಗಳ ಕಿತಾಪತಿ ಇರುವುದೇ ಅಲ್ಲಿ. ಇಲ್ಲಿರುವುದು ಮುರಕಲ್ಲಿನ ಗುಡ್ಡೆಗಳು. ಮೇಲೆ ಚಪ್ಪಟೆ, ಬದಿ ಮಾತ್ರ ಕಡಿದಿಟ್ಟ ಹಾಗೆ. ಎರಡು ಗುಡ್ಡೆಗಳ ನಡುವೆ ಒಂದು ತೋಡು, ತೋಡಿನ ಎರಡೂ ಕಡೆ ಅಡಿಕೆ ತೋಟ. ರಸ್ತೆ ಸಂಕದವರೆಗೆ ಇಳಿಯುತ್ತದೆ, ದಾಟಿದ ಕೂಡಲೇ ಏರುತ್ತದೆ. ಇಳಿದು ಬಂದ ಓಘದಲ್ಲೇ ಅರ್ಧ ಚಡಾವು ಹತ್ತಿಬಿಡೋಣ ಅಂದುಕೊಂಡರೆ ಸಂಕದ ಹತ್ತಿರ ತಿರುವೋ, ಹಂಪೋ, ಅಡ್ಡ ಮಲಗಿದ ದನವೋ ಇದ್ದೇ ಇರುತ್ತದೆ.

ನನ್ನ ಪ್ರಕಾರ ಘಾಟಿಗಳೇ ಮರ್ಯಾದಸ್ಥರು. ತಲಕಾವೇರಿ 1,276 ಮೀಟರ್ ಎತ್ತರ ಅಂತ ಮೊದಲೇ ಗೊತ್ತು. ಮನಸ್ಸು, ಗೇರು, ಜೇಬಿನ ಬಾಳೆಹಣ್ಣು ಎಲ್ಲ ತಯಾರಾಗಿರುತ್ತವೆ. ಪೆರ್ಲದ ಆಚೆಗಿನ ಏರುಗಳಿಗೆ ಹೆಸರೇ ಇಲ್ಲ. ಹೆಸರಿಲ್ಲದ್ದಕ್ಕೆ ಬೈಯುವುದಾದರೂ ಹೇಗೆ?

ಸರಾಸರಿಯ ಇನ್ನೊಂದು ಆಟ ಬೇಕಿದ್ದರೆ ರಾಣಿಪುರಂಗೆ ಹೋಗಿ. ಕಾಞಂಗಾಡಿನಿಂದ ಸುಮಾರು 48 ಕಿಲೋಮೀಟರ್, ಎತ್ತರ 750 ಮೀಟರ್. ಭಾಗಿಸಿದರೆ ಏರು ನೂರಕ್ಕೆ ಒಂದೂವರೆ. ಅಜ್ಜಿಯೂ ಹೋಗಬಹುದು ಅನ್ನಿಸುತ್ತದೆ. ಆದರೆ ಪನತ್ತಡಿಯವರೆಗೆ ಸುಮ್ಮನಿದ್ದ ರಸ್ತೆ, ಬಾಕಿ ಇಟ್ಟ ಎತ್ತರದಲ್ಲಿ ಬಹುಪಾಲನ್ನು ಕೊನೆಯ ಹತ್ತು ಕಿಲೋಮೀಟರಿನ ಒಳಗೆ ವಸೂಲಿ ಮಾಡುತ್ತದೆ.

ಹಾಗಾದರೆ ಒಟ್ಟು ಎಷ್ಟು ಮೀಟರ್ ಹತ್ತಬೇಕು ಅಂತ ಆ್ಯಪನ್ನೇ ಕೇಳೋಣ ಅಂದರು ಭಾವ. ಒಂದು ಆ್ಯಪ್ ಒಂದು ಲೆಕ್ಕ ಕೊಟ್ಟಿತು. ಇನ್ನೊಂದು ಅದೇ ದಾರಿಗೆ ನಾನೂರು ಮೀಟರ್ ಜಾಸ್ತಿ ತೋರಿಸಿತು. ಇದಕ್ಕೆ ಕಾರಣವಿದೆ. ನಕ್ಷೆಗಳಲ್ಲಿ ಬಳಸುವ ಎತ್ತರದ ಲೆಕ್ಕ ಬಹಳಷ್ಟು ಬಂದದ್ದು 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್ ಹಿಡಿದು ಭೂಮಿಯನ್ನು ಅಳೆದಾಗ. ಆ ರೇಡಾರ್ ಕಾಡು, ತೋಟ ಇರುವಲ್ಲಿ ಪೂರ್ತಿ ನೆಲಕ್ಕೆ ಇಳಿಯುವುದಿಲ್ಲ, ಮರದ ತಲೆಯ ಕಡೆಯಿಂದಲೇ ವಾಪಸಾಗುತ್ತದೆ. ಅಳತೆಯ ಒಂದೊಂದು ಚೌಕವೂ 30 ಮೀಟರ್, ಕೆಲವು ಕಡೆ 90. ನಾವು ಪಾಪ ತೋಟದ ಬದಿಯಲ್ಲಿ ಸಮತಟ್ಟಾಗಿ ಹೋಗುತ್ತಿರುತ್ತೇವೆ, ನಕ್ಷೆ ನಮ್ಮನ್ನು ಕಂಗಿನ ಮರದ ತುದಿಗೆ ಹತ್ತಿಸಿ ಇಳಿಸುತ್ತಿರುತ್ತದೆ.

ಇದು ಕೇಳಿದ ಮೇಲೆ ಭಾವ ಗಾಳಿಯ ಒತ್ತಡ ನೋಡಿ ಎತ್ತರ ಹೇಳುವ ಮೀಟರ್ ತರಿಸಿದರು. ಅದು ಬಹಳ ಚುರುಕು. ಒತ್ತಡ ಒಂದು ಹೆಕ್ಟೊಪಾಸ್ಕಲ್ ಇಳಿದರೆ ಸುಮಾರು ಎಂಟು ಮೀಟರ್ ಹತ್ತಿದಿರಿ ಅನ್ನುತ್ತದೆ. ಒತ್ತಡ ಇಳಿದದ್ದು ನಾವು ಹತ್ತಿದ್ದಕ್ಕೋ, ಮಳೆ ಬರುವುದಕ್ಕೋ, ಅದಕ್ಕೆ ಗೊತ್ತಾಗುವುದಿಲ್ಲ. ಬದಿಯಡ್ಕದ ಹೋಟ್ಲಿನಲ್ಲಿ ಗೋಳಿಬಜೆ ತಿನ್ನುತ್ತಾ ಮಳೆ ಬಿಡಲಿ ಅಂತ ಕೂತಿದ್ದಾಗ ಭಾವ ಬೆಂಚಿನಲ್ಲೇ ಹದಿನಾರು ಮೀಟರ್ ಮೇಲೆ ಹೋದರು. ಅದನ್ನೂ ಒಟ್ಟು ಲೆಕ್ಕಕ್ಕೆ ಸೇರಿಸಿಕೊಂಡರು.

ತೂಕದ ವಿಷಯಕ್ಕೂ ಅವರು ಕೈ ಹಾಕಿದ್ದುಂಟು. ಭಾವ, ಸೈಕಲ್ಲು, ಚೀಲ ಎಲ್ಲ ಸೇರಿ ನೂರು ಕೆಜಿ. ದುಡ್ಡು ಸುರಿದು ಸೈಕಲ್ಲಿನಲ್ಲಿ ಒಂದು ಕೆಜಿ ಇಳಿಸಿದರೆ ಏರಿನಲ್ಲಿ ನೂರರಲ್ಲಿ ಒಂದು ಪಾಲು ಉಳಿತಾಯ. ಬಾಟಲಿಗೆ ಒಂದು ಲೀಟರ್ ನೀರು ತುಂಬಿದರೆ ಅದೂ ಹೋಯಿತು. ಅಕ್ಕ ಇದಕ್ಕಿಂತ ಅಗ್ಗದ ದಾರಿಯನ್ನು ನೀರ್ದೋಸೆ ಬಡಿಸುತ್ತಲೇ ಹೇಳಿದ್ದಳು. ಭಾವ ಇನ್ನೆರಡು ಹಾಕಿಸಿಕೊಂಡರು.

ಪೆರ್ಲದ ಆಚೆ ಒಂದು ಚಡಾವಿನ ಬುಡದಲ್ಲಿ ಅವರ ಚೈನು ತಪ್ಪಿತು. ಪೆಡಲಿಗೆ ಬೂಟು ಕಚ್ಚಿಕೊಳ್ಳುವ ಹೊಸ ವ್ಯವಸ್ಥೆ ಬೇರೆ. ಸೈಕಲ್ಲು ನಿಂತಿತು, ಬೂಟು ಬಿಡಲಿಲ್ಲ. ಭಾವ ಯಾವ ಗಡಿಬಿಡಿಯೂ ಇಲ್ಲದೆ, ಬಹಳ ಮರ್ಯಾದೆಯಿಂದ, ಬಸ್‌ಸ್ಟ್ಯಾಂಡಿನ ಎದುರು ಎಡಕ್ಕೆ ಮಲಗಿದರು. ಬೀಡಾ ಅಂಗಡಿಯ ಅಜ್ಜ ಬಂದು ಎಬ್ಬಿಸಿದರು.

"ಎಲ್ಲಿಗೆ ಹೊರಟದ್ದು?"

"ಕುಂಬಳೆಗೆ."

"ಕುಂಬಳೆ ಹಿಂದೆ ಅಲ್ವಾ ಮಾರಾಯ್ರೆ?"

"ಪುತ್ತೂರು ಮೇಲಿಂದ ಹೋಗಿ ಬರುವುದು."

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಸ್ಸು ಉಂಟಲ್ಲ?" ಅಂದರು.

ಮುಂದಿನ ದಾರಿ ಹೇಗೆ ಅಂತ ಕೇಳಿದೆ. "ಇಲ್ಲಿಂದ ಥರ್ಡಲ್ಲಿ ಹೋಗ್ತದೆ. ಆ ತಿರುವಲ್ಲಿ ಸೆಕೆಂಡಿಗೆ ಬೀಳ್ತದೆ. ಕಾಲೇಜು ಬಿಡುವ ಹೊತ್ತಿಗೆ, ಜನ ತುಂಬಿದ್ರೆ ಫಸ್ಟೇ" ಅಂದರು. ಕೂತಲ್ಲೇ ಬಸ್ಸಿನ ಸದ್ದು ಕೇಳಿ ಕೇಳಿ ಅಜ್ಜನಿಗೆ ಇಡೀ ಗುಡ್ಡೆ ಬಾಯಿಪಾಠ. ಆ್ಯಪಿನ ಎರಡೂ ಲೆಕ್ಕಕ್ಕಿಂತ ಇದೇ ಸರಿಯಾಯಿತು. ಸೆಕೆಂಡ್ ಗೇರಿನ ಜಾಗದಲ್ಲಿ ನಮ್ಮ ಉಸಿರು ಹೋಯಿತು, ಫಸ್ಟಿನ ಜಾಗದಲ್ಲಿ ಇಳಿದು ನೂಕಿದೆವು.

ಟೂರ್ ಡಿ ಫ್ರಾನ್ಸಿನವರು ಏರುಗಳಿಗೆ ನಾಲ್ಕರಿಂದ ಒಂದರವರೆಗೆ ದರ್ಜೆ ಕೊಡುತ್ತಾರೆ. ಅದಕ್ಕೂ ಮೇಲೆ ಲೆಕ್ಕಕ್ಕೇ ಸಿಗದ್ದು ಅಂತ ಇನ್ನೊಂದು. ಹಳೆಯ ಸಿಟ್ರೊಯೆನ್ ಕಾರು ಯಾವ ಗೇರಿನಲ್ಲಿ ಹತ್ತುತ್ತದೆ ಅಂತ ನೋಡಿ ಈ ದರ್ಜೆ ಇಟ್ಟರು ಎಂಬ ಕತೆಯೊಂದಿದೆ. ಕತೆ ನಿಜವೋ ಅಲ್ಲವೋ, ಅಜ್ಜನ ಮಾತು ಕೇಳಿದ ಮೇಲೆ ನಂಬಬೇಕು ಅನ್ನಿಸಿತು.

ಭಾವ ನಂಬಿಯೇ ಬಿಟ್ಟರು. ಮರುವಾರ ಪುಸ್ತಕ, ಪೆನ್ನು ಹಿಡಿದು ಪುತ್ತೂರು ಬಸ್ಸು ಹತ್ತಿ, ಡ್ರೈವರ್ ಪಕ್ಕದ ಸೀಟಿನಲ್ಲೇ ಕೂತರು. ಗೇರು ಬದಲಾದಾಗಲೆಲ್ಲ ಬರೆದುಕೊಂಡರು. ಬದಿಯಡ್ಕ ದಾಟುವಷ್ಟರಲ್ಲಿ ಕಂಡಕ್ಟರ್ ಹತ್ತಿರ ಬಂದು, "ಸಾರ್, ಆರ್‌ಟಿಒ ಆಫೀಸಿನವರಾ?" ಅಂತ ಮೆಲ್ಲಗೆ ಕೇಳಿದನಂತೆ. ಭಾವ ಲೆಕ್ಕದ ಗಡಿಬಿಡಿಯಲ್ಲಿ ಸುಮ್ನೆ ತಲೆ ಆಡಿಸಿದರಂತೆ. ಅಲ್ಲಿಂದ ವಿಟ್ಲದವರೆಗೆ ಡ್ರೈವರ್ ಎಂದೂ ಇಲ್ಲದಷ್ಟು ನಾಜೂಕಾಗಿ, ಇಳಿಜಾರಿನಲ್ಲೂ ಸೆಕೆಂಡ್ ಗೇರಿನಲ್ಲೇ ಬಸ್ಸು ಓಡಿಸಿದ. ಹಾಗಾಗಿ ಭಾವನ ಪುಸ್ತಕದಲ್ಲಿ ಈಗ ಪೆರ್ಲದಿಂದ ವಿಟ್ಲದವರೆಗೆ ಇಳಿಜಾರೇ ಇಲ್ಲ.